ನರೆಗೂದಲಿನ ತಂತಿ ಬಿಗಿದ ವಿಮಾನ

ಇಹವನ್ನೂ ಪರವನ್ನೂ ಕಣ್ಣಿಗೆ ಕಾಣದ ಒಂದೇ ದಾರದಲ್ಲಿ ಪೋಣಿಸಿ ಹಿಡಿದಿರುವ ವಾಯುದೇವನಿಗೆ ಮೊದಲ ನಮಸ್ಕಾರ. ಇಲ್ಲಿನ ಜನ ಕೊಳದ ನಡುವೆ ಗುಡಿ ಕಟ್ಟಿ ಬೆಂಜಾಯ್ತೆನ್ ಎಂದು ಪೂಜಿಸುವ, ನಮ್ಮವರು ವೀಣಾಪಾಣಿಯೆಂದು ಕೈಮುಗಿಯುವ ತಾಯಿಗೆ ಎರಡನೆಯ ನಮಸ್ಕಾರ. ಅತಿಯಾಗಿ ಬಿಗಿದ ತಂತಿಯೂ ನುಡಿಯದು, ಸಡಿಲಿದ ತಂತಿಯೂ ನುಡಿಯದು ಎಂಬುದನ್ನು ಬಲ್ಲ ಆಕೆ ಈ ಕಥೆಯ ತಂತಿಗಳನ್ನೂ ಹದದಲ್ಲಿರಿಸಲಿ.

ಉದಯಸೂರ್ಯನ ನಾಡಿನ ಈ ಶಿಜುವೊಕಾ ಊರಿನ ನಮ್ಮ ಬೀದಿಯಲ್ಲಿ ಉನ್ನೋ ಎಂಬಾತನ ಕ್ಷೌರದಂಗಡಿಯಿದೆ. ಕನ್ನಡಿಯ ಕೆಳಗೆ ಎಣ್ಣೆಯ ಸೀಸೆಗಳಿರಬೇಕಾದ ಹಲಗೆಯ ಮೇಲೆ ಆತನ ಮಾದರಿ ವಿಮಾನಗಳು ನಿಂತಿರುತ್ತವೆ. ಪ್ಲಾಸ್ಟಿಕ್ ಮಾದರಿಗಳ ಅಚ್ಚುಗಳೇ ಹುಟ್ಟುವ ಈ ಊರಿನಲ್ಲಿ ಅದೇನೂ ಸೋಜಿಗವಲ್ಲ. ಮೀನಿನಂಗಡಿಯವನ ಮನೆಯಲ್ಲೂ ಒಂದು ಯುದ್ಧನೌಕೆ ಸಿಕ್ಕೀತು. ಆದರೆ ಉನ್ನೋಗೆ ಜೋಡಿ ರೆಕ್ಕೆಯ ಹಳೆಯ ವಿಮಾನಗಳೇ ಆಗಬೇಕು. ಒಂದರ ಮೇಲೊಂದು ನಿಂತ ಆ ರೆಕ್ಕೆಗಳ ನಡುವೆ ಅಡ್ಡಡ್ಡಲಾಗಿ ಎಳೆದ ತಂತಿಗಳಿಲ್ಲದಿದ್ದರೆ ವಿಮಾನ ವಿಮಾನವಲ್ಲ, ಬರಿಯ ಪೆಟ್ಟಿಗೆ ಎಂಬುದು ಆತನ ಮತ. ಕ್ಷೌರದ ನಡುವೆ ತಂತಿಯ ನೆನಪಾದರೆ ಗಿರಾಕಿ ಅರ್ಧ ಬೋಳಿಸಿದ ಗಡ್ಡದೊಡನೆ ಕಾಯಬೇಕಾಗುತ್ತಿತ್ತು.

ಕಳೆದ ಚಳಿಗಾಲದ ಒಂದು ಮಧ್ಯಾಹ್ನ, ಆ ಮನೆಯಲ್ಲೇ ಇರುವ ಆತನ ಅತ್ತೆ ತೋಮೆ ಅಜ್ಜಿ ಒಳಗಿನಿಂದ ಬಂದು ಕ್ಷೌರದ ಕುರ್ಚಿಯನ್ನೇರಿ, ಬೆಳ್ಳಿಯಂತಹ ತನ್ನ ತುರುಬನ್ನು ಬಿಚ್ಚಿದಳು.

"ಅಳಿಯಂದ್ರೇ, ಕತ್ತರಿ ಕೆಳಗಿಡಿ. ಉದ್ದ ಇರೋದನ್ನ ನೋಡಿ ನೋಡಿ ಕಿತ್ಕೊಳ್ಳಿ."

"ಕ್ಷೌರದವನ ಕೈಲಿ ಕೂದಲು ಕೀಳಿಸ್ತೀರಲ್ಲ ಅತ್ತೆ! ಬೀದೀಲಿ ಯಾರಾದ್ರೂ ಕೇಳಿದ್ರೆ ಅಂಗಡಿ ಮರ್ಯಾದೆ ಏನಾಗ್ಬೇಕು?"

"ನಮ್ಮಣ್ಣಂಗೆ ವಿಮಾನ ಕಟ್ಕೊಡಿ. ತಂತಿಗೆ ಈ ಕೂದಲು."

ಅಜ್ಜಿಯ ಅಣ್ಣ ಕಿಚಿಜೋ ಯುದ್ಧದ ಕೊನೆಗಾಲದಲ್ಲಿ ಹಾರಲು ಕಲಿಯಹೋದ ಹುಡುಗ. ಕಲಿಯುವವರ ಕಿತ್ತಳೆ ಬಣ್ಣದ ಜೋಡಿ ರೆಕ್ಕೆಯ ವಿಮಾನಕ್ಕೆ ಆಗಿನ ಜನ ಕೆಂಪು ಏರೋಪ್ಲೇನ್ ಚಿಟ್ಟೆಯ ಹೆಸರನ್ನೇ ಇಟ್ಟಿದ್ದರು. ಒಂದು ಮುಂಜಾನೆ ಆ ಚಿಟ್ಟೆ ಸುರುಗಾ ಕೊಲ್ಲಿಯಲ್ಲಿ ಇಳಿಯಿತು, ಮತ್ತೆ ಮೇಲೇಳಲಿಲ್ಲ. ಹುಡುಗನ ದೇಹವೂ ದೊರೆಯಲಿಲ್ಲ. ಅಂದಿನಿಂದ ಪ್ರತಿವರ್ಷ ಪಿತೃಗಳು ಮನೆಗೆ ಬರುವ ಓಬೊನ್ ಹಬ್ಬದಲ್ಲಿ, ಎಲ್ಲ ಮನೆಗಳಂತೆ ಇಲ್ಲಿಯೂ ಸೌತೆಕಾಯಿಗೆ ಕಡ್ಡಿಯ ಕಾಲು ಚುಚ್ಚಿ ಕುದುರೆ ಮಾಡಿಡುತ್ತಿದ್ದರು, ಬರುವವರು ಬೇಗ ಬರಲೆಂದು. ಬದನೆಕಾಯಿಯಿಂದ ಎತ್ತು ಮಾಡಿಡುತ್ತಿದ್ದರು, ಹೋಗುವವರು ನಿಧಾನವಾಗಿ ಹೋಗಲೆಂದು.

"ಕುದುರೆಯಂತೆ ಕುದುರೆ!" ಎಂದಳು ಅಜ್ಜಿ. "ನಮ್ಮನೆ ಎತ್ತಿನ ಮೇಲಿಂದ್ಲೇ ಗದ್ದೆಗೆ ಬಿದ್ದೋನು ಅವನು. ಇಷ್ಟು ವರ್ಷ ಸೌತೆಕಾಯಿ ಕಳಿಸ್ದೆ. ಒಂದಿನ, ಕನಸಲ್ಲಾದ್ರೂ ಬಂದ್ನಾ? ತಪ್ಪು ಅವನದಲ್ಲ, ಸವಾರೀದು."

ಅಡುಗೆಮನೆಯಿಂದ ಅಜ್ಜಿಯ ಮಗಳು, ಉನ್ನೋನ ಹೆಂಡತಿ ಇಕುಯೊಳ ದನಿ ಬಂತು: "ಅಮ್ಮಾ, ಸತ್ತೋರು ಬಿದ್ರೂ ಪೆಟ್ಟಾಗಲ್ಲಮ್ಮಾ."

"ನಾಚಿಕೆ ಆಗತ್ತಲ್ಲೇ! ಹರೆಯದ ಹುಡುಗ ಅವನು."

ಉನ್ನೋ ನಕ್ಕು ಕೇಳಿದ, "ಕೂದಲು ಯಾಕತ್ತೆ? ನನ್ನ ಹತ್ರ ಒಳ್ಳೇ ಎಳೆ ಇದೆ."

"ನಮ್ಮಮ್ಮ ಗದ್ದೇಲಿದ್ದಾಗ ನನ್ನ ಜಡೆ ಹೆಣೀತಿದ್ದೋನು ಅವನೇ. ಮುಟ್ಟಿದ್ರೆ ಯಾರ ಮನೆಗೆ ಹೋಗೋ ವಿಮಾನ ಅಂತ ಗೊತ್ತಾಗತ್ತೆ."

"ಆಗ ಕಪ್ಪಗಿತ್ತಲ್ಲ?"

"ಜಗ್ಗಿದ್ರೆ ಗೊತ್ತಾಗತ್ತೆ. ಈ ಹಬ್ಬಕ್ಕೇ ಆಗ್ಬೇಕು ನೋಡಿ. ಮುಂದಿನ ಹಬ್ಬಕ್ಕೆ ಸೌತೆಕಾಯಿ ಹತ್ಕೊಂಡು ಬರೋಳು ನಾನೇ."

ಹೀಗೆ ಕೆಲಸ ಮೊದಲಾಯಿತು. ಹೊರಗೆ ಒಣಗಾಳಿ ಬೀಸುತ್ತಿದ್ದ ಆ ದಿನಗಳಲ್ಲಿ ಉನ್ನೋ ಕಿತ್ತಳೆ ಬಣ್ಣ ಬಳಿದ ರೆಕ್ಕೆಗಳಿಗೆ ಸೂಜಿಯ ಮೊನೆಯಷ್ಟು ರಂಧ್ರ ಕೊರೆದು, ಚಿಮುಟದಲ್ಲಿ ನರೆಗೂದಲನ್ನು ಹಿಡಿದು, ಉಸಿರು ಬಿಗಿಹಿಡಿದು ಪೋಣಿಸುತ್ತಿದ್ದ. ಎಡಕ್ಕೊಂದು ಎಳೆ, ಒಡನೆಯೇ ಬಲಕ್ಕೊಂದು. ಇಲ್ಲವಾದರೆ ರೆಕ್ಕೆ ಒಂದು ಕಡೆಗೆ ವಾಲುತ್ತದೆ. ಕೂದಲು ಉಕ್ಕಿನ ತಂತಿಯಂತೆಯೇ ಮಿನುಗಿತು. ಕೆಲಸ ಮುಗಿದ ದಿನ ಅಜ್ಜಿ ಉಗುರಿನಿಂದ ಒಂದು ಎಳೆಯನ್ನು ಮೆಲ್ಲಗೆ ಮೀಟಿ ಕಿವಿಯೊಡ್ಡಿದಳು. ಕೊಲ್ಲಿಯ ಆಚೆಯಿಂದ ಯಾವುದೋ ಯಂತ್ರದ ಸದ್ದು ಕೇಳಿಸಿದಂತಾಯಿತೆಂದು ಆಕೆ ಹೇಳಿದಳು. ಬೇರೆಯವರಿಗೆ ಕೇಳಿಸಲಿಲ್ಲ.

ಜುಲೈ ಬಂತು, ಪ್ಲಮ್ ಹಣ್ಣಾಗುವ ಕಾಲದ ಮಳೆ ಇನ್ನೂ ನಿಂತಿರಲಿಲ್ಲ. ಚಾಪೆಗಳು ಕಾಲಿಗೆ ಅಂಟುತ್ತಿದ್ದವು. ಪಿತೃಗಳನ್ನು ಎದುರುಗೊಳ್ಳುವ ದಿನ ಮಧ್ಯಾಹ್ನ ಪೆಟ್ಟಿಗೆಯಿಂದ ವಿಮಾನವನ್ನು ಹೊರತೆಗೆದರೆ, ತಂತಿಗಳೆಲ್ಲ ಬಟ್ಟೆ ಒಣಹಾಕುವ ಹಗ್ಗಗಳಂತೆ ಜೋತುಬಿದ್ದಿದ್ದವು.

"ಜೀವಮಾನವೆಲ್ಲಾ ಕೂದಲಲ್ಲೇ ಕಳೆದೋರು ನೀವು," ಎಂದಳು ಇಕುಯೊ. "ಮಳೇಗೆ ಕೂದಲು ಉದ್ದ ಆಗತ್ತೆ ಅಂತ ಗೊತ್ತಿಲ್ವೇನ್ರೀ?"

"ತಲೆ ಮೇಲಿದ್ದಾಗ ಗೊತ್ತು!"

ಅಜ್ಜಿ ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲನೆ, "ಇಷ್ಟು ಸಡಿಲ ಇದ್ರೆ ನಡುದಾರೀಲಿ ರೆಕ್ಕೆ ಮಡಚ್ಕೊಳ್ಳತ್ತೆ," ಎಂದಳು. "ಮತ್ತೆ ಸಮುದ್ರಕ್ಕೇ ಬೀಳ್ತಾನೆ."

ಅವಳ ಮುಖವನ್ನು ನೋಡಲಾರದೆ ಉನ್ನೋ ಬುದ್ಧನ ಪೀಠದ ಬಳಿಯಿಂದ ಉರಿಯುತ್ತಿದ್ದ ಊದುಬತ್ತಿಯೊಂದನ್ನು ತಂದ. ಈ ಊರಿನ ಮಾದರಿಗಾರರೆಲ್ಲರ ಅಭ್ಯಾಸವದು: ಬಿಸಿಮಾಡಿ ಎಳೆದ ಪ್ಲಾಸ್ಟಿಕ್ ಎಳೆ ಸಡಿಲಿದರೆ ಊದುಬತ್ತಿಯ ಕೆಂಡವನ್ನು ಹತ್ತಿರ ಸುಳಿಸುತ್ತಾರೆ, ಎಳೆ ತಾನಾಗಿ ಬಿಗಿದುಕೊಳ್ಳುತ್ತದೆ. ಎಷ್ಟೋ ವರ್ಷಗಳ ಅಭ್ಯಾಸ ಆತನ ಕೈಯನ್ನು ತಾನೇ ನಡೆಸಿತು. ಕೆಂಡ ಸುಳಿಯಿತು, ಎಡರೆಕ್ಕೆಯ ಹೊರಗಿನ ಎಳೆ ಚುರ್ ಎಂದು ಸುರುಟಿ ಇಲ್ಲವಾಯಿತು. ಕೋಣೆಯಲ್ಲಿ ಕಮಟು ವಾಸನೆ ತುಂಬಿತು.

"ಅಯ್ಯೋ! ಕೂದಲು ರೀ ಅದು!"

ಉನ್ನೋ ಚಾಪೆಯ ಮೇಲೆ ಹಣೆಯಿಟ್ಟ. "ಅತ್ತೆ... ಕೈ ಮರೆತುಬಿಡ್ತು."

ಅಜ್ಜಿ ತುರುಬಿಗೆ ಕೈಹಾಕಿ, ಒಂದು ಎಳೆಯನ್ನು ಚಕ್ಕನೆ ಕಿತ್ತು ನೀಡಿದಳು. "ಏಳಿ ಏಳಿ. ತಲೆ ಇನ್ನೂ ಬೋಳಾಗಿಲ್ಲ. ಕಟ್ಟಿ."

"ಈ ತೇವದಲ್ಲಿ ಬಿಗಿಯಾಗಿ ಕಟ್ಟಿದ್ರೆ, ಒಣಹವೆ ಬಂದಾಗ ಇದೊಂದೇ ಜಾಸ್ತಿ ಎಳೆಯತ್ತೆ ಅತ್ತೆ. ರೆಕ್ಕೆ ಸೊಟ್ಟಗಾಗತ್ತೆ."

"ಕಟ್ಟಿ ಅಂದ್ನಲ್ಲ."

ಆತ ಕಟ್ಟಿದ. ಹೊಸದೊಂದು ಎಳೆ ಬಿಗಿಯಾಗಿ, ಉಳಿದವೆಲ್ಲ ಜೋತಾಡುತ್ತ, ವಿಮಾನ ಗಾಯಗೊಂಡ ಹುಳದಂತೆ ಕಂಡಿತು.

ಸಂಜೆ ಮಳೆ ಬಿಟ್ಟಿತು. ಮನೆಮನೆಯ ಬಾಗಿಲಲ್ಲೂ ಮಣ್ಣಿನ ತಟ್ಟೆಯಲ್ಲಿ ಸೆಣಬಿನ ಕಡ್ಡಿಗಳ ಸ್ವಾಗತದ ಬೆಂಕಿ ಹೊತ್ತಿಕೊಂಡಿತು. ದಾರಿ ತಿಳಿಯಲೆಂದು ಅಗಲಿದವರಿಗೆ ತೋರುವ ಬೆಳಕು ಅದು. ಅಜ್ಜಿ ತನ್ನ ಪುಟ್ಟ ಮಣೆಯನ್ನು ಬೆಂಕಿಯ ಬಳಿ ಹಾಕಿಕೊಂಡು, ವಿಮಾನವಿದ್ದ ತಟ್ಟೆಯನ್ನು ಎರಡು ಕೈಗಳಲ್ಲಿ ಎತ್ತಿಹಿಡಿದಳು.

"ಅಮ್ಮಾ, ದೂರ! ಪ್ಲಾಸ್ಟಿಕ್ ಕರಗಿ ಹೋಗತ್ತೆ."

"ಬೆಂಕಿ ಕಾಣದೆ ಅವನು ಇಳಿಯೋದು ಹೇಗೇ?"

ಉನ್ನೋ ಆಕೆಯ ಕೈಗಳ ಕೆಳಗೆ ತನ್ನ ಕೈಗಳನ್ನಿಟ್ಟು ತಟ್ಟೆಯನ್ನು ತುಸು ಹಿಂದಕ್ಕೆ ಸರಿಸಿದ. ಇಬ್ಬರೂ ಹಾಗೆಯೇ ಹಿಡಿದು ಕುಳಿತರು. ಒಣಬಿಸಿ ಅಲೆಯಲೆಯಾಗಿ ಬಂದು ರೆಕ್ಕೆಗಳ ನಡುವೆ ಹಾಯುತ್ತಿತ್ತು. ಮೊದಲು ಉನ್ನೋ ತನ್ನ ಕಣ್ಣನ್ನು ನಂಬಲಿಲ್ಲ. ಜೋತಿದ್ದ ಎಳೆಯೊಂದು ಮೇಲೆದ್ದಿತು. ಮತ್ತೊಂದು. ಯಾರೋ ಕಾಣದ ಬೆರಳುಗಳಿಂದ ಜಡೆಯ ಎಳೆಗಳನ್ನು ಒಂದೊಂದಾಗಿ ಬಿಗಿಯುತ್ತಿರುವಂತೆ, ಕೂದಲುಗಳು ಕುಡಿದ ತೇವವನ್ನು ಬಿಟ್ಟು, ಚಳಿಗಾಲದ ಆ ದಿನಗಳಲ್ಲಿದ್ದಂತೆ ನೆಟ್ಟಗೆ ನಿಂತವು. ಹೊಸ ಎಳೆ ಮಾತ್ರ ಎಲ್ಲಕ್ಕಿಂತ ಹೆಚ್ಚು ಬಿಗಿಯಿತು. ಎಡರೆಕ್ಕೆಯ ತುದಿ ಕೂದಲೆಳೆಯಷ್ಟು ತಿರುಚಿಕೊಂಡಿತು. ವಿಮಾನ ಒಂದು ಮಗ್ಗುಲಿಗೆ ವಾಲಿತು.

"ಸೊಟ್ಟಗಾಯ್ತು ಅತ್ತೆ," ಎಂದ ಉನ್ನೋ, ತಪ್ಪಿತಸ್ಥನ ದನಿಯಲ್ಲಿ.

"ಸೊಟ್ಟಗಲ್ಲ," ಎಂದಳು ಅಜ್ಜಿ. ಬೆಂಕಿಯ ಬೆಳಕಿನಲ್ಲಿ ಅವಳ ಮುಖ ಜಡೆ ಹೆಣೆಸಿಕೊಳ್ಳುವ ಹುಡುಗಿಯದಾಗಿತ್ತು. "ತಿರುಗಿಸ್ತಿದ್ದಾನೆ. ಇಳಿಯೋಕೆ ಮುಂಚೆ ಹೀಗೇ ವಾಲಬೇಕು. ಮನೆ ಕಂಡಿದೆ ಅವನಿಗೆ."

ನೆತ್ತಿಯ ಮೇಲೆ ಯಾರೋ ಮೆಲ್ಲಗೆ ಜಗ್ಗಿದಂತೆ ಆಕೆ ತಲೆಯನ್ನು ತುಸು ಹಿಂದಕ್ಕೆ ಒಯ್ದು ಕಣ್ಣು ಮುಚ್ಚಿದಳು. ಇಕುಯೊ ತಾಯಿಯ ಪಕ್ಕದಲ್ಲಿ ಕುಳಿತಳು. ಬೆಂಕಿ ಆರುವವರೆಗೂ ಯಾರೂ ಏಳಲಿಲ್ಲ.

"ಹೋಗೋಕೆ ಮಾತ್ರ," ಎಂದಳು ಅಜ್ಜಿ ಕಣ್ಣು ತೆರೆಯದೆಯೇ, "ಬದನೆಕಾಯಿ ಎತ್ತೇ ಇರ್ಲಿ ಅಳಿಯಂದ್ರೇ. ಬಿದ್ದೂ ಎದ್ದೂ ನಿಧಾನವಾಗಿ ಹೋಗ್ಲಿ."

ಈ ಕಥೆಗೆ ಕಿವಿಗೊಟ್ಟವರ ಬಾಳಿನ ತಂತಿಗಳು ಹದವಾಗಿ ಬಿಗಿದಿರಲಿ. ದೂರ ಹೋದವರಿಗೆ ಅವರ ಬಾಗಿಲ ಬೆಳಕು ಕಾಣಲಿ. ಬರುವವರಿಗೆ ವಾಯುದೇವನು ಅನುಕೂಲನಾಗಲಿ. ಕಾಯುವವರಿಗೆ ತಾಯಿ ಒಳ್ಳೆಯ ಕನಸನ್ನು ಕರುಣಿಸಲಿ.