ಕಂಬದ ಬುಡ

ಪ್ರಶ್ನೆಪತ್ರಿಕೆಯ ಮೂಲೆ ಫ್ಯಾನಿನ ಗಾಳಿಗೆ ಮತ್ತೆ ಹಾರುತ್ತಿದೆ, ಅವಳು ಮೊಣಕೈ ಒತ್ತಿದಳು, ಮೊಣಕೈಯ ಪಕ್ಕದಲ್ಲೇ ಎರಡು ಕಂಬಗಳ ಚಿತ್ರ, ಒಂದು ಗಿಡ್ಡ, ಒಂದು ಉದ್ದ — ಕಾರ್ಖಾನೆಯಲ್ಲಿ ಹೋದ ವರ್ಷ ಇದ್ದ ಯಂತ್ರಗಳು, ಈ ವರ್ಷ ಇರುವ ಯಂತ್ರಗಳು, ಹೆಚ್ಚಳ ಶೇಕಡಾ ಎಷ್ಟು — ಪೆನ್ಸಿಲನ್ನು ಗಿಡ್ಡ ಕಂಬಕ್ಕೆ ಆನಿಸಿ ಉಗುರಿನಲ್ಲಿ ಗುರುತು ಹಿಡಿದಳು, ಉದ್ದದ್ದು ಸರಿಯಾಗಿ ಅದರ ಎರಡು ಪಟ್ಟು, ಇಪ್ಪತ್ತೆರಡು ವರ್ಷ ಬಟ್ಟೆ ಅಳೆದ ಕೈ ತಪ್ಪೀತೇ, ಹಾಗಾದರೆ ಶೇಕಡಾ ನೂರು, ಉತ್ತರದ ವೃತ್ತ ಕಪ್ಪಾಯಿತು. ಮುಂದಿನ ಪ್ರಶ್ನೆ, ಬರುವ ವರ್ಷ ಮತ್ತೆ ಗಿಡ್ಡ ಕಂಬದಷ್ಟಕ್ಕೇ ಇಳಿದರೆ? ಅರ್ಧ, ಶೇಕಡಾ ಐವತ್ತು, ಅದೂ ಕಪ್ಪಾಯಿತು. ಇಷ್ಟು ಸುಲಭವೇ — ಹೋದ ಸಲವೂ ಸುಲಭ ಅನ್ನಿಸಿತ್ತು, ಮೂರೇ ಅಂಕಕ್ಕೆ ಮುಗ್ಗರಿಸಿದಳು, ಈ ಸಲವೂ ಮುಗ್ಗರಿಸಿದರೆ ಮೇಲ್ವಿಚಾರಕಿಯ ಹುದ್ದೆ ಕೈತಪ್ಪಿದ ಹಾಗೆಯೇ, ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯಿತು. ಏನಮ್ಮಾ, ಈಗ ಲೆಕ್ಕ ಕಲಿತು ಯಾರಿಗೆ ಟೋಪಿ ಹಾಕ್ತೀಯ, ಎಂದು ಕಟಿಂಗ್ ಮಾಸ್ಟರ್ ರೇಗಿಸಿದ್ದರು. ನಿಮಗೇ ಮಾಸ್ಟ್ರೇ, ತಲೆ ಅಳತೆ ಕೊಡಿ, ಅಂದಿದ್ದಳು. ಹಾಗೆ ರೇಗಿಸಿದವರೇ ನಿನ್ನೆ ಮಧ್ಯಾಹ್ನ ಅವಳ ಬಟ್ಟೆಕಟ್ಟನ್ನು ತಮ್ಮ ಕಡೆ ಎಳೆದುಕೊಂಡರು, ಹೋಗು, ಓದ್ಕೋ ಹೋಗು, ಅಂದರು, ಮುಖ ಮಾತ್ರ ಗೋಡೆ ಕಡೆಗೆ. ಅವರ ಮೇಜಿನ ಟೇಪಿಗೆ ಮೊದಲ ಎರಡು ಇಂಚೇ ಇಲ್ಲ, ಹರಿದು ಹೋಗಿದೆ, ಹೊಸಬರು ಗಮನಿಸದೆ ಅಳೆದು ಅಂಗಿ ಗಿಡ್ಡ ಮಾಡಿ ಬೈಸಿಕೊಳ್ಳುತ್ತಾರೆ, ಅವಳಾದರೆ ಟೇಪು ಹಿಡಿದ ಕೂಡಲೇ ನೋಡುವುದು ಬುಡ, ಎಲ್ಲಿಂದ ಶುರು — ಎಲ್ಲಿಂದ ಶುರು? ಕಣ್ಣು ಕಂಬದ ಬುಡಕ್ಕೆ ಜಾರಿತು. ಪಕ್ಕದ ಅಳತೆಗೆರೆಯಲ್ಲಿ, ಸೊನ್ನೆ ಇರಬೇಕಾದ ಕಡೆ, ಇರುವೆಯಷ್ಟು ಚಿಕ್ಕದಾಗಿ, ನಲವತ್ತು.

ಅಯ್ಯೋ, ಗಿಡ್ಡ ಕಂಬದ ತುದಿ ಐವತ್ತರಲ್ಲಿದೆ, ಉದ್ದದ್ದು ಅರವತ್ತರಲ್ಲಿ, ಕೆಳಗಿನ ನಲವತ್ತನ್ನು ಕತ್ತರಿಸಿ ಎಸೆದು ಉಳಿದ ತುಂಡನ್ನು ನಿಲ್ಲಿಸಿದ್ದಾರೆ, ಆ ತುಂಡನ್ನು ನಾನು ಅಳೆದು ಕೂತಿದ್ದೇನೆ. ಅಕ್ಕಾ, ಹಳೇದರಿಂದ ಭಾಗಿಸು, ಹೊಸದರಿಂದ ಅಲ್ಲ, ಎಷ್ಟು ಸಲ ಹೇಳ್ಲಿ, ತಂಗಿ ಪಾತ್ರೆ ತೊಳೆಯುತ್ತಲೇ ಕೂಗುತ್ತಿದ್ದಳು — ಹೆಚ್ಚಿದ್ದು ಹತ್ತು, ಹಳೆಯದು ಐವತ್ತು, ಶೇಕಡಾ ಇಪ್ಪತ್ತು. ಇಳಿಯುವಾಗಲೂ ಹತ್ತೇ, ಆದರೆ ಆಗ ಹಳೆಯದು ಅರವತ್ತು, ಹದಿನಾರು ಚಿಲ್ಲರೆ. ಅಳಿಸಬೇಕು, ಪೆನ್ಸಿಲಿನ ತುದಿಯ ರಬ್ಬರು ಸವೆದು ತಗಡು ಉಳಿದಿದೆ, ತಗಡು ಕಾಗದವನ್ನು ಗೀರುತ್ತಿದೆ, ಕಾವಲಿಗಿದ್ದ ಟೀಚರ್ ಸದ್ದಿಲ್ಲದೆ ಬಂದು ತಮ್ಮ ರಬ್ಬರು ಮೇಜಿನ ಮೇಲಿಟ್ಟರು, ನಿಧಾನ ಅಮ್ಮ, ಕಾಗದ ಹರಿದೀತು, ಇನ್ನೂ ನಾಲ್ಕು ನಿಮಿಷ ಇದೆ. ನಾಲ್ಕು ನಿಮಿಷವೇನು ಕಡಿಮೆಯೇ, ಒಂದು ಕಾಲರ್ ಕೂಡಿಸುತ್ತಾಳೆ ಅಷ್ಟರಲ್ಲಿ. ಎರಡೂ ತಿದ್ದಿ ಹಿಂದಿನ ಪುಟಕ್ಕೆ ತಿರುಗಿಸಿದಳು, ಅಲ್ಲಿ ಇನ್ನೆರಡು ಚಿತ್ರ, ನಾಲ್ಕು ಅಂಕ, ಅವನ್ನೂ ಎತ್ತರ ನೋಡಿಯೇ ಮಾಡಿದ್ದು, ಬೇಡ, ಎತ್ತರವೇ ಬೇಡ, ಅಂಗೈಯಿಂದ ಕಂಬಗಳನ್ನು ಮುಚ್ಚಿದಳು — ಮೊದಲನೆಯದರ ಬುಡದಲ್ಲಿ ಸೊನ್ನೆ, ಇರಲಿ ಬಿಡು — ಎರಡನೆಯದರಲ್ಲಿ, ಅಂಗೈಯ ಅಂಚಿಗೆ, ಇರುವೆಯಷ್ಟು, ಇಪ್ಪತ್ತೈದು, ರಬ್ಬರು ಕೈಯಲ್ಲಿದೆ, ಇಪ್ಪತ್ತೈದು, ಇಪ್ಪತ್ತೈದರಿಂದ ಶುರು —