ಹೂಂ, ಚಾಲೂ ಮಾಡ್ಯಾರ

ತಪಾಸಣೆಗೆಂದು ಎದೆಯ ಮೇಲೆ ಇಟ್ಟಿದ್ದ ಆ ದುಂಡನೆಯ ಬಿಲ್ಲೆಯ ತಂಪು ಇನ್ನೂ ಇದೆ, ರಿಕ್ಷಾ ಆಸ್ಪತ್ರೆಯ ಗೇಟು ದಾಟಿ ಖಡಕಿಯ ರಸ್ತೆ ಹಿಡಿದರೂ ಇದೆ, ಎಡ ಹೆಗಲಿನ ಕೆಳಗೆ, ಹೃದಯ ತಾಳ ತಪ್ಪಿದರೆ ಶಾಕ್ ಕೊಟ್ಟು ಬದುಕಿಸುವ, ಬೆಂಕಿಪೆಟ್ಟಿಗೆಯಂಥ ಯಂತ್ರ ಚರ್ಮದೊಳಗೆ ಹುಗಿದಿರುವಲ್ಲೇ ಇದೆ — ತ್ರಿವೇಣಿ ಸೆರಗನ್ನು ಅದರ ಮೇಲೆ ಎಳೆದುಕೊಂಡಳು, ಪಕ್ಕದಲ್ಲಿ ಗಂಡ ಶಿವಪ್ರಕಾಶ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಾನೆ, ನೋಡಲಿ, ಎಷ್ಟಂತ ನೋಡ್ತಾರ ಹೊರಗ — ಹೇ ತರ ಬಂದ್ ಆಹೇ, ಮರಾಠಿಯಲ್ಲಿ ಅಂದಿದ್ದಳು ಮಷಿನ್ ತಪಾಸಣೆಯ ಹುಡುಗಿ, ಇದು ಬಂದ್ ಅದ, ಬಂದ್ ಅಂದರ ಏನು, ಅಂಗಡಿ ಬಂದ್ ಇರ್ತದ, ನಳ ಬಂದ್ ಇರ್ತದ, ನನ್ನ ಎದ್ಯಾಗಿಂದು ಹೆಂಗ ಬಂದ್ ಇರ್ತದ, ಆಮೇಲೆ ಡಾಕ್ಟರು ಬಂದು ಪರದೆ ನೋಡಿದರು, ಅವಳನ್ನಲ್ಲ, ಶಿವಪ್ರಕಾಶನನ್ನು ನೋಡಿದರು, ಆಪರೇಷನ್ ಆದ ಮೇಲೆ ಚಾಲೂ ಮಾಡಿಸಲು ಕರೆದುಕೊಂಡು ಬನ್ನಿ ಎಂದು ನಿಮಗೇ ಹೇಳಿದ್ದೆನಲ್ಲ, ಮತ್ತೆ ಇವರು, ನೆಲ ನೋಡುತ್ತ, ರಾಹೂನ್ ಗೇಲಂ ಡಾಕ್ಟರ್ — ಉಳಿದುಹೋಯಿತಂತೆ, ಮೊಸರು ತರುವುದು ಉಳಿದುಹೋದ ಹಾಗೆ. ಬೇಸಿಗೆಯಲ್ಲಿ ಪಿತ್ತಕೋಶದ ಕಲ್ಲು ತೆಗೆದದ್ದು, ಈಗ ಗಣಪತಿ ಹಬ್ಬವೂ ಮುಗಿಯಿತು, ಅಷ್ಟು ಕಾಲ ಎದೆಯಲ್ಲಿ ಬರೀ ಒಂದು ಲೋಹದ ತುಂಡು.

ಆಪರೇಷನ್ನಿಗೆ ಮೊದಲು ಡಾಕ್ಟರು ಎಷ್ಟು ಚೆನ್ನಾಗಿ ತಿಳಿಸಿದ್ದರು, ಈಗ ಕರೆಂಟಿನಿಂದ ಸುಟ್ಟು ಕೊಯ್ಯುತ್ತಾರೆ ತಾಯಿ, ರಕ್ತ ಹರಿಯುವುದಿಲ್ಲ, ಆದರೆ ಆ ಕರೆಂಟಿನ ಗದ್ದಲವನ್ನು ನಿಮ್ಮ ಯಂತ್ರ ಹೃದಯವೇ ಹುಚ್ಚೆದ್ದಿದೆ ಎಂದು ತಿಳಿದೀತು, ಹೊಟ್ಟೆ ತೆರೆದಿರುವಾಗಲೇ ಶಾಕ್ ಕೊಟ್ಟೀತು, ಅದಕ್ಕೇ ಶಾಕ್ ಕೊಡುವುದನ್ನು ಬಂದ್ ಮಾಡುತ್ತೇವೆ, ನಂತರ ಚಾಲೂ ಮಾಡಿದರಾಯಿತು — ಆ ‘ನಂತರ’ ಎಂಬ ಮಾತನ್ನು ನಂಬಿ ಅವಳು ಮೇಜಿನ ಮೇಲೆ ಮಲಗಿದ್ದಳು, ಮತ್ತೆ ಎಚ್ಚರವಾದಾಗ, ನಾಲಿಗೆ ಇನ್ನೂ ಹೊರಳದಿರುವಾಗ, ಮೊದಲು ಕೇಳಿದ್ದೇ ಅದು, ಹೊಟ್ಟೆ ನೋವಿನ ಬಗ್ಗೆ ಅಲ್ಲ, ನೀರು ಬೇಕೆಂದೂ ಅಲ್ಲ, ಚಾಲೂ ಮಾಡ್ಯಾರೇನ್ರಿ, ಇವರು ಹಣೆಯ ಮೇಲಿನ ಕೂದಲು ಸರಿಸಿ, ಹೂಂ, ಚಾಲೂ ಮಾಡ್ಯಾರ, ಮಕ್ಕೋ ನೀ, ಎಂದರು, ಅವಳು ಮಲಗಿಬಿಟ್ಟಳು, ಎಂಥ ನಿದ್ದೆ. ಅಕ್ಕ ಎದೆ ನಿಂತೇ ಹೋದವಳು, ಅಂಗಳ ಗುಡಿಸುತ್ತ ಕುಸಿದವಳು ಮತ್ತೆ ಏಳಲಿಲ್ಲ, ಅದೇ ರೋಗ ತನಗೂ ಇದೆ ಎಂದು ತಿಳಿದ ಮೇಲಲ್ಲವೇ ಈ ಯಂತ್ರ ಹಾಕಿಸಿದ್ದು. ಮಳೆಗಾಲವೆಲ್ಲ ಬಚ್ಚಲಿನ ಚಿಲಕ ಹಾಕಿಕೊಂಡು ಒಬ್ಬಳೇ ಸ್ನಾನ ಮಾಡಿದಳು, ಒಬ್ಬಳೇ ಖಡಕಿ ಬಜಾರಿಗೆ ಹೋಗಿಬಂದಳು, ನನಗೇನ್ರಿ ಅಂಜಿಕಿ, ಒಳಗ ಕಾವಲುಗಾರ ಅದಾನ, ಎಂದು ಪಕ್ಕದ ಮನೆಯ ಗಂಗೂಬಾಯಿಗೆ ಎದೆ ತಟ್ಟಿ ಹೇಳುತ್ತಿದ್ದಾಗ ಇವರು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದರಲ್ಲ, ಬಶಿಯಲ್ಲಿ ಸುರಿದುಕೊಂಡು, ಊದಿ ಊದಿ.

ಮರ್ತಿದ್ರೇನು, ಕೇಳಿಯೇಬಿಟ್ಟಳು, ರಿಕ್ಷಾ ಸಿಗ್ನಲಿನಲ್ಲಿ ನಿಂತಿತ್ತು, ಶಿವಪ್ರಕಾಶ ಫೈಲಿನ ದಾರ ಬಿಚ್ಚಿ ಕಟ್ಟಿ ಮಾಡಿದ, ಮರತಿಲ್ಲ, ಅಂದ, ಇಷ್ಟು ಮೆಲ್ಲಗೆ, ನೀನ ಅಂದಿದ್ದಿ ಅಲ್ಲ, ಕಿತ್ತು ಒಗೀರಿ ಇದನ್ನ ಅಂತ — ಅಂದಿದ್ದೆ, ಹೌದು ಅಂದಿದ್ದೆ, ಆಪರೇಷನ್ನಿಗೂ ಮೊದಲು ಸಾಸವಡದ ಸಂತೆಯಲ್ಲಿ ಬಟಾಣಿ ಆರಿಸುತ್ತಿದ್ದಾಗ ಗೂಳಿ ಗುದ್ದಿದಂತೆ ಒಳಗಿನಿಂದ ಒದ್ದಿತ್ತು ಅದರ ಶಾಕು, ಕಾಯಿಯೆಲ್ಲ ಚೆಲ್ಲಿ, ಜನರೆಲ್ಲ ಸುತ್ತ ನೆರೆದು, ಆಮೇಲೆ ಮನೆಯಲ್ಲಿ ಒಲೆಯ ಮುಂದೆ ಇನ್ನೊಮ್ಮೆ, ಆವಾಗ ಚೀರಿದ ಮಾತದು, ಬ್ಯಾನಿ ತಾಳಲಾರದೆ ಅಂದ ಮಾತು, ಹೆರಿಗೆಯಲ್ಲೂ ಸಾಯ್ತೀನಿ ಅಂದಿದ್ದೆ, ಸಾಯಲಿ ಅಂತ ಬಿಟ್ರೇನು — ಆಪರೇಷನ್ ಆದಮ್ಯಾಲ ನೀ ಭಾಳ ಖುಷಿಯಿಂದಿದ್ದಿ ತ್ರಿವೇಣಿ, ನಕ್ಕೋಂತ ಅಡ್ಡಾಡ್ತಿದ್ದಿ, ಮತ್ತ ಆ ಶಾಕು, ಆ ಚೀರಾಟ, ನನ್ನ ಕೈಲೆ ನೋಡೂದು ಆಗ್ತಿದ್ದಿಲ್ಲ, ನಾಳೆ ಹೇಳೂಣು, ನಾಳೆ ಹೇಳೂಣು ಅಂತ — ಎದಿ ನಂದಲ್ಲೇನ್ರಿ, ನನ್ನ ಒಂದು ಮಾತು ಕೇಳಬೇಕಿತ್ತು — ಶಿವಪ್ರಕಾಶ ಮೊದಲ ಸಲ ತಿರುಗಿ ಅವಳ ಮುಖ ನೋಡಿದ, ಕೇಳಿದ್ರ ಚಾಲೂ ಮಾಡ್ಸ್ರಿ ಅಂತಿದ್ದಿ, ಅಂದ.

ಸಿಗ್ನಲು ಬಿಟ್ಟಿತು. ಅಂತಿದ್ದೆ, ಗೊತ್ತಿತ್ತು ಇವರಿಗೆ, ಗೊತ್ತಿದ್ದೇ ಕೇಳಲಿಲ್ಲ, ಇಂದು ಡಾಕ್ಟರು ಮತ್ತೆ ಚಾಲೂ ಮಾಡಿದರು, ಒಳಗೆ ಏನೂ ಗೊತ್ತಾಗಲಿಲ್ಲ, ಆವಾಗ ಬಂದಾದದ್ದೂ ಗೊತ್ತಾಗಿರಲಿಲ್ಲ, ಎದೆಯ ಒಡತಿಗೇ ಗೊತ್ತಾಗದ್ದು ಗಂಡನಿಗೆ ಗೊತ್ತಿತ್ತು, ಇಡೀ ಮಳೆಗಾಲ ಒಬ್ಬನೇ ಇಟ್ಟುಕೊಂಡಿದ್ದ — ಜೇಜುರಿಯಲ್ಲೂ ಗೊತ್ತಿತ್ತು ಹಾಗಾದರೆ, ಶ್ರಾವಣದಲ್ಲಿ, ಖಂಡೋಬನ ಗುಡಿಯ ಮೆಟ್ಟಿಲುಗಳಲ್ಲಿ, ಹೊಸ ಮದುವೆಯ ಹುಡುಗನೊಬ್ಬ ಅಲ್ಲಿಯ ಪದ್ಧತಿಯಂತೆ ಹೆಂಡತಿಯನ್ನು ಎತ್ತಿಕೊಂಡು ಏದುಸಿರು ಬಿಡುತ್ತ ಹತ್ತುತ್ತಿದ್ದ, ನನ್ನೂ ಎತ್ಕೋರಿ ಎಂದು ಅವಳು ಚೇಷ್ಟೆ ಮಾಡಿದ್ದಳು, ಇವರು ನಗಲಿಲ್ಲ, ಮುಖ ಬಿಳಿಚಿತ್ತು, ಸಾವಕಾಶ ಹತ್ತು, ಸಾವಕಾಶ, ಅವಳು ಸಾವಕಾಶ ಹತ್ತಲಿಲ್ಲ, ಭಕ್ತರು ಎರಚಿದ ಭಂಡಾರದ ಅರಿಶಿನ ಬಿದ್ದು ಜಾರುವ ಕಲ್ಲುಗಳ ಮೇಲೆ ಸೀರೆ ಎತ್ತಿ ಹಿಡಿದು ಹುಡುಗಿಯಂತೆ ಏರಿದಳು, ಮೇಲೆ ನಿಂತು ಒಮ್ಮೆಲೇ ಹಿಂದಿರುಗಿದಳು — ಶಿವಪ್ರಕಾಶ ಬೆನ್ನ ಹಿಂದೆಯೇ ಇದ್ದ, ಎರಡೂ ಕೈ ಮುಂದೆ ಚಾಚಿ, ಬೀಳುವವಳನ್ನು ಹಿಡಿಯುವ ಹಾಗೆ, ಏನ್ರಿ, ಏನಿಲ್ಲ, ಥಟ್ಟನೆ ಕೈ ಹಿಂದಕ್ಕೆ, ಆದರೆ ಅದಕ್ಕೆ ಮೊದಲು ಚಾಚಿದ್ದವು, ಪ್ರತಿ ಮೆಟ್ಟಿಲಿಗೂ ಚಾಚಿದ್ದವು, ಅವಳು ನಗುತ್ತ ಮುಂದೆ, ಅವಳ ಬೆನ್ನ ಹಿಂದೆ ಆ ಎರಡು ಕೈ, ಅರಿಶಿನ ಮೆತ್ತಿದ, ಕಾಯುತ್ತಿರುವ ಎರಡು ಕೈ —