ಶಾಸಕರು ಕಟ್ಟಿದ ಗಂಟು

ನಮ್ಮ ಶಾಸಕ ನಿಂಗರಾಜು ಅವರು ಯುದ್ಧದ ವಿಷಯದಲ್ಲಿ ಮನಸ್ಸು ಬದಲಾಯಿಸಿದ್ದು ಒಂದು ಸೋಮವಾರ, ಬೆಳಗಿನ ತಿಂಡಿಗೂ ಎರಡನೇ ಕಾಫಿಗೂ ನಡುವೆ. ನಾನು ಎದುರಿಗೇ ಕೂತಿದ್ದೆ. ದೆಹಲಿಯಲ್ಲಿ ನೆರೆಯ ದೇಶದ ಜೊತೆ ಮಾತುಕತೆ ಶುರುವಾಗಿತ್ತು. ಪಕ್ಷದ ದೊಡ್ಡವರಿಂದ ಫೋನ್ ಬಂತು, ಇವರು ಮೂರು ಸಲ "ಆಯ್ತು ಸಾರ್" ಅಂದರು. ಫೋನ್ ಇಟ್ಟು ನನ್ನ ಕಡೆ ತಿರುಗಿ, "ಮೇಷ್ಟ್ರೇ, ಇನ್ಮೇಲೆ ಶಾಂತಿ ಕಣ್ರೀ" ಅಂದರು. ಇಡ್ಲಿ ಇನ್ನೂ ಒಂದು ಉಳಿದಿತ್ತು, ಅದನ್ನೂ ತಿಂದರು.

ನಾನು ವಾಗೀಶ. ಹದಿನಾರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ, ಆ ಶಾಲೆ ಮುಚ್ಚಿದ ಮೇಲೆ ಇವರಿಗೆ ಭಾಷಣ ಬರೆದುಕೊಡುವ ಕೆಲಸಕ್ಕೆ ಸೇರಿದವನು. ರಾಜಕಾರಣಿ ಆಡಿದ ಮಾತು ಬದಲಾಯಿಸಲೇಬಾರದು ಅನ್ನುವವರ ಪೈಕಿ ನಾನಲ್ಲ. ತಪ್ಪೆಂದು ಗೊತ್ತಾದ ಮೇಲೂ ಹಟ ಹಿಡಿದು ಕೂರುವವನು ಇನ್ನೂ ಅಪಾಯ. ಯುದ್ಧ ಬೇಡ ಎಂದು ಒಬ್ಬ ಶಾಸಕ ಎಷ್ಟು ತಡವಾಗಿ ಹೇಳಿದರೂ ಒಳ್ಳೆಯದೇ. ನನ್ನ ಚಿಂತೆ ಬೇರೆ. ಅವರ ಹಳೆಯ ಮಾತು ವಿದ್ಯಾರಣ್ಯಪುರಂನ ಒಂದು ಮನೆಯ ಮುಂದೆ, ಹೊಂಗೆ ಮರದ ಕೊಂಬೆಯಲ್ಲಿ, ಮೂರು ವರ್ಷದಿಂದ ನೇತಾಡುತ್ತಿತ್ತು.

ಅದು ಬೆಟ್ಟಮ್ಮನ ಮನೆ. ಅವಳ ಮಗ ಪುನೀತ್ ಸೈನ್ಯದಲ್ಲಿದ್ದ. ಇಪ್ಪತ್ತನಾಲ್ಕನೇ ವಯಸ್ಸಿಗೆ ಗಡಿಯಲ್ಲಿ ಶೆಲ್ ಬಿದ್ದು ಸತ್ತ. ಸರ್ಕಾರಿ ಗೌರವದಲ್ಲಿ ಸುಟ್ಟು, ಮೂರನೇ ದಿನ ಅಸ್ಥಿ ಆರಿಸಿ ಮಣ್ಣಿನ ಗಡಿಗೆಯಲ್ಲಿ ತುಂಬಿ ತಂದರು. ಅಸ್ಥಿಯನ್ನು ಮನೆಯೊಳಗೆ ತರುವಂತಿಲ್ಲವಲ್ಲ, ಹಾಗಾಗಿ ಬೀದಿಯ ಹೊಂಗೆ ಮರಕ್ಕೆ ಕಟ್ಟಿದರು. ಮಾರನೇ ದಿನ ಶ್ರೀರಂಗಪಟ್ಟಣಕ್ಕೆ ಹೋಗಿ ಪಶ್ಚಿಮವಾಹಿನಿಯಲ್ಲಿ ಬಿಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅವತ್ತು ಸಂಜೆ ಅದೇ ಬೀದಿಯಲ್ಲಿ ಸಂತಾಪ ಸಭೆ. ನಾನು ಕಾರಿನಲ್ಲಿ ಕೂತು ಹತ್ತು ನಿಮಿಷದಲ್ಲಿ ಭಾಷಣ ಗೀಚಿದೆ. ಹುಡುಗನ ಹೆಸರು ಪುನೀತೋ ಪ್ರೀತಮ್ಮೋ ಎಂದು ಡ್ರೈವರನ್ನು ಕೇಳಿಕೊಂಡು ಬರೆದೆ, ಅಷ್ಟು ನನ್ನ ದುಃಖ. ಕೊನೆಯ ಸಾಲು ಹೀಗಿತ್ತು: "ಶತ್ರುವಿನ ನೆಲ ಬೂದಿಯಾಗುವ ತನಕ ಈ ವೀರನ ಬೂದಿ ಕಾವೇರಿಗೆ ಸೇರುವುದಿಲ್ಲ."

ಚಪ್ಪಾಳೆಗೆ ಬರೆದ ಸಾಲು ಅದು. ನಿಂಗರಾಜು ಅದನ್ನು ಹೇಳಿ ಸುಮ್ಮನಾಗಬೇಕಿತ್ತು. ಆಗಲಿಲ್ಲ. ವೇದಿಕೆ ಇಳಿದು ಹೋಗಿ, ಹೆಗಲ ಮೇಲಿನ ಶಲ್ಯ ತೆಗೆದು, ಗಡಿಗೆಯ ಬಾಯಿಗೆ ಸುತ್ತಿ ಕೊಂಬೆಗೆ ಬಿಗಿದು ಗಂಟು ಹಾಕಿದರು. ಬೀದಿಗೆ ಬೀದಿಯೇ ಜೈಕಾರ ಹಾಕಿತು. ಬೆಟ್ಟಮ್ಮ ಗಡಿಗೆಯ ಮೇಲೆ ಕೈಯಿಟ್ಟು, "ಆಗ್ಲಿ" ಅಂದಳು. ಅವಳ ಗಂಡ ಮಹದೇವು ಮಾತ್ರ ಏನೂ ಅನ್ನಲಿಲ್ಲ. ರೇಷ್ಮೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿ ದುಡಿದ ಮನುಷ್ಯ, ಕಿವಿ ಮಂದ. ಕೇಳಿಸಿರಲಿಕ್ಕಿಲ್ಲ ಎಂದು ನಾನು ಅಂದುಕೊಂಡೆ.

ಈಗ, ಸೋಮವಾರದ ಎರಡನೇ ಕಾಫಿ ಕುಡಿಯುತ್ತಾ ನಿಂಗರಾಜು ಅವರಿಗೆ ಆ ಗಡಿಗೆ ನೆನಪಾಯಿತು.

"ಅಲ್ಲಾ ಮೇಷ್ಟ್ರೇ, ಆ ಟೀವಿಯೋರು ಹೋಗಿ ಅದರ ಮುಂದೆ ಮೈಕ್ ಹಿಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಹೋಗಿ ಮಾತಾಡಿ. ಸದ್ದಿಲ್ದೆ ಹೊಳೆಗೆ ಬಿಡಿಸ್ಬಿಡಿ. ಕಾರು ಕಳಿಸ್ತೀನಿ."

ನಾನು ಹೋದೆ. ಬೆಟ್ಟಮ್ಮ ಜಗಲಿಯ ಮೇಲೆ ಮಣೆ ಇಟ್ಟುಕೊಂಡು ಊದುಬತ್ತಿ ಹೊಸೆಯುತ್ತಿದ್ದಳು. ಮೂರು ವರ್ಷದಿಂದ ನಾನು ಆಗಾಗ ಹೋಗಿ ಬರುತ್ತಿದ್ದವನೇ. ನನ್ನ ಮಗಳಿಗೆ ಶಾಸಕರು ಕೆಲಸ ಕೊಡಿಸಿದ್ದೂ ಅವಳಿಗೆ ಗೊತ್ತಿತ್ತು. ಹಬ್ಬಕ್ಕೆ ಶಾಸಕರ ಹೆಸರಲ್ಲಿ ಹಣ್ಣಿನ ಬುಟ್ಟಿ ಮುಟ್ಟಿಸುವುದೂ ನನ್ನ ಕೆಲಸವೇ. ಮಗಳು ಸಿಂಚನ ನೀರು ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತಳು. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ನಿಶಾಂತ್ ಎನ್ನುವ ಹುಡುಗನಿಗೆ ಕೊಡುವುದೆಂದು ಮಾತಾಗಿ ಎರಡು ವರ್ಷ. ಹುಡುಗನ ಮನೆಯವರದು ಒಂದೇ ಮಾತು, ಬಾಗಿಲಲ್ಲಿ ಸತ್ತವನ ಅಸ್ಥಿ ತೂಗುತ್ತಿರುವ ಮನೆಯಲ್ಲಿ ತಾಂಬೂಲ ಬದಲಾಯಿಸುವುದು ಹೇಗೆ, ಮೊದಲು ಅದು ಇಳಿಯಲಿ. ಈ ವರ್ಷ ಶ್ರಾವಣದವರೆಗೆ ಕಾಯುತ್ತೇವೆ ಎಂದು ಹೇಳಿ ಕಳಿಸಿದ್ದರು.

ನಾನು ಬಂದ ವಿಷಯ ಹೇಳಿದೆ. ಬೆಟ್ಟಮ್ಮನ ಕೈ ನಿಲ್ಲಲಿಲ್ಲ.

"ಅಂಗಾರೆ ಅವತ್ತು ಅಂದಿದ್ದು?"

"ಅದು ಅವತ್ತಿನ ಪರಿಸ್ಥಿತಿ ಕಣಮ್ಮ."

"ಪರಿಸ್ಥಿತಿ" ಅಂದಳು, ಹೊಸ ಪದ ಕಲಿಯುವವಳ ಹಾಗೆ. ಹೊಸೆದ ಕಡ್ಡಿಯನ್ನು ಪಕ್ಕಕ್ಕಿಟ್ಟಳು. "ಯುದ್ಧ ಬ್ಯಾಡ ಅಂದ್ರೆ ಒಳ್ಳೇದೇ ಬುಡಿ ಮೇಷ್ಟ್ರೇ. ಇನ್ನೊಬ್ಬಳ ಬಾಗ್ಲಲ್ಲಿ ಗಡಿಗೆ ಕಟ್ಟದು ಬ್ಯಾಡ. ಆ ಕಡೆ ಊರು ಸುಟ್ಟೋಗ್ಲಿ ಅಂತ ನಂಗೇನೂ ಆಸೆ ಇಲ್ಲ, ಅಲ್ಲೂ ನನ್ನಂಥೋಳು ಇರ್ತಾಳೆ. ಆದ್ರೆ ಹರಕೆ ಕಟ್ಟಿದ ಕೈನೇ ಬಿಚ್ಬೇಕು. ಅವ್ರೇ ಬರ್ಲಿ. ಅವತ್ತು ನಾನಂದಿದ್ದು ತಪ್ಪಾಯ್ತು ಕಣವ್ವ ಅಂತ ಒಂದ್ ಮಾತು ಅಂದು ಬಿಚ್ಲಿ. ಊರಿಗೆಲ್ಲಾ ಕೇಳ್ಬೇಕಾಗಿಲ್ಲ. ನಮ್ಮೋರ ಪಟದ ಮುಂದೆ ಅಂದ್ರೆ ಸಾಕು."

ಅವಳ ಗಂಡ ಹೋಗಿ ಒಂದು ವರ್ಷವಾಗಿತ್ತು. ಒಳಗಿನ ಗೋಡೆಯಲ್ಲಿ ತಂದೆ ಮಗ ಇಬ್ಬರ ಪಟವೂ ಅಕ್ಕಪಕ್ಕ ಇದ್ದವು.

"ಅವ್ರು ಸಾಯೋಕೆ ಮುಂಚೆ ಹದಿನೈದು ದಿನ ಒಂದೇ ಸಮ ಕೇಳುದ್ರು" ಅಂದಳು ಬೆಟ್ಟಮ್ಮ. "ಬೆಟ್ಟಿ, ನನ್ ಕೈಲಿ ಶಕ್ತಿ ಇರೋವಾಗ್ಲೇ ಮಗನ್ನ ಹೊಳೆಗೆ ಬುಟ್ಟು ಬತ್ತೀನಿ, ಬುಡೇ ಅಂತ. ಕೈ ಮುಗುದ್ರು ಮೇಷ್ಟ್ರೇ, ನಂಗೆ. ಗಂಡ ಆದೋರು. ನಾನು ಬುಡ್ಲಿಲ್ಲ. ದೊಡ್ಡೋರು ಕೊಟ್ಟಿರೋ ಮಾತು, ಸಾವ್ರ ಜನದ ಮುಂದೆ ಆಗ್ಲಿ ಅಂದಿವ್ನಿ, ಎಂಗೆ ಮುರೀಲಿ ಅಂದೆ. ಗೋಡೆ ಕಡೆ ತಿರುಕ್ಕಂಡ್ರು. ಆಮೇಲೆ ನನ್ ಜೊತೆ ಮಾತಾಡ್ಲೇ ಇಲ್ಲ."

ಕಿವಿ ಮಂದವಾಗಿದ್ದರೂ ಅವತ್ತು ಆ ಮನುಷ್ಯನಿಗೆ ಎಲ್ಲವೂ ಕೇಳಿಸಿತ್ತು. ಆ ಸಾಲು ನನ್ನದು ಎಂದು ಹೇಳಲು ಬಾಯಿ ತೆರೆದೆ, ಹೇಳಲಿಲ್ಲ. ನೀರು ಕುಡಿದು ಎದ್ದೆ.

ನಿಂಗರಾಜು ಮೊದಲು ಕೂಗಾಡಿದರು. ಆಮೇಲೆ, ನಾನು ಮಹದೇವು ವಿಷಯ ಹೇಳಿದ ಮೇಲೆ, ಸುಮ್ಮನಾದರು. ಗುರುವಾರ ಬೆಳಗ್ಗೆ ಆರು ಗಂಟೆಗೆ ಬರುತ್ತೇನೆ, ಯಾರಿಗೂ ಹೇಳಬೇಡಿ ಎಂದರು. ಕಾರಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದರು. "ಎಷ್ಟು ಮನೆಗೆ ಅಂತ ಹಾರ ಹಿಡ್ಕೊಂಡು ಹೋಗೋದು ಮೇಷ್ಟ್ರೇ" ಅಂದರು. "ನಿಜ ಹೇಳ್ತೀನಿ, ಈ ಶಾಂತಿ ಅಂದ್ಮೇಲೆ ನಂಗೆ ಚೆನ್ನಾಗಿ ನಿದ್ದೆ ಬರ್ತಿದೆ." ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸಲಿಲ್ಲ. ಆ ಹತ್ತು ನಿಮಿಷ ನನಗೆ ಅವರ ಮೇಲೆ ಪ್ರೀತಿಯೇ ಹುಟ್ಟಿತು.

ಬೆಟ್ಟಮ್ಮ ತಲೆಗೆ ನೀರು ಹಾಕಿಕೊಂಡು ಕಾದಿದ್ದಳು. ಬಾಗಿಲು ಸಾರಿಸಿತ್ತು. ಹೊಳೆಯ ಹತ್ತಿರ ಎಡೆ ಇಡಲು ಮಗನಿಗೆ ಇಷ್ಟವಾದ ಅಡುಗೆಯೆಲ್ಲ ಮಾಡಿ ಬಾಳೆ ಎಲೆಯಲ್ಲಿ ಕಟ್ಟಿಟ್ಟಿದ್ದಳು. ಸಿಂಚನ ಅಂಗಡಿಗೆ ರಜ ಹಾಕಿದ್ದಳು. ಅವಳ ಮುಖದಲ್ಲಿ ನಗುವಿನಂಥದೇನೋ ಇತ್ತು, ಅಣ್ಣನ ಅಸ್ಥಿ ಬಿಡುವ ದಿನ ನಗಬಾರದಲ್ಲ ಎಂದು ಅದನ್ನು ತಡೆದುಕೊಂಡಂತೆಯೂ ಇತ್ತು.

ನಿಂಗರಾಜು ಚಪ್ಪಲಿ ಬಿಟ್ಟು ಒಳಗೆ ಹೋಗಿ ಪಟಗಳಿಗೆ ಕೈಮುಗಿದರು. "ಮೊದಲು ಗಂಟು ಬಿಚ್ತೀನಿ, ಆಮೇಲೆ ಬಂದು ಇಲ್ಲೇ ಆ ಮಾತು ಹೇಳ್ತೀನಿ ಕಣಮ್ಮ" ಅಂದರು. ಹೊರಗೆ ಬಂದು ಸ್ಟೂಲು ಹತ್ತಿದರು. ಬಿಳಿ ಶಲ್ಯ ಮಳೆ ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿ, ಗಂಟು ಕಲ್ಲಾಗಿತ್ತು. ಉಗುರು ಹಾಕಿ ಎಳೆಯತೊಡಗಿದರು. ಆಗ ಅವರ ಫೋನ್ ಹೊಡೆದುಕೊಂಡಿತು. ಎತ್ತಲಿಲ್ಲ. ಮತ್ತೆ ಬಂತು. ಮೂರನೇ ಸಲಕ್ಕೆ ಇಳಿದು, ಕಾರಿನ ಆಚೆ ಹೋಗಿ ಮಾತಾಡಿದರು. ನನ್ನ ಫೋನಿನಲ್ಲೂ ಸುದ್ದಿ ಬಂದಿತ್ತು. ಬೆಳಗಿನ ಜಾವ ಗಡಿಯಲ್ಲಿ ದಾಳಿ, ಹನ್ನೊಂದು ಸೈನಿಕರ ಸಾವು, ಮಾತುಕತೆ ರದ್ದು.

ಅವರು ಕಾರಿನ ಆಚೆಯಿಂದ "ಆಯ್ತು ಸಾರ್" ಅಂದಿದ್ದು ನನಗೆ ಕೇಳಿಸಿತು. ಎಷ್ಟು ಸಲ ಎಂದು ಎಣಿಸುವ ಧೈರ್ಯ ಆಗಲಿಲ್ಲ.

ವಾಪಸು ಬಂದವರು ಸ್ಟೂಲಿನ ಕಡೆ ಹೋಗಲಿಲ್ಲ. ಬೆಟ್ಟಮ್ಮನ ಎದುರು ನಿಂತು ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು, ಅದೂ ಸುಳ್ಳಲ್ಲ.

"ಅಮ್ಮಾ, ಇನ್ನೂ ಹನ್ನೊಂದು ಜನ ಹುಡುಗ್ರು ಹೋಗ್ಬಿಟ್ರು. ಇವತ್ತು ಬೇಡಮ್ಮ. ಇವತ್ತು ಈ ಗಂಟು ಬಿಚ್ಚಿದ್ರೆ ಆ ಹುಡುಗ್ರಿಗೆ ಮೋಸ ಮಾಡ್ದಂಗೆ. ನೀವು ವೀರನ ತಾಯಿ, ನಿಮಗೆ ನಾನು ಹೇಳ್ಬೇಕಾ?"

"ಎಲೆ ಕಟ್ಟಿವ್ನಿ ಸಾಮಿ" ಅಂದಳು ಬೆಟ್ಟಮ್ಮ.

ಅವರು ಕೈ ಬಿಟ್ಟು ಕಾರಿನ ಕಡೆ ನಡೆದರು. ಕಾರು ಹತ್ತುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, ಸಂಜೆ ನಾಲ್ಕಕ್ಕೆ ಟೀವಿಯವರನ್ನೆಲ್ಲ ಇಲ್ಲಿಗೇ ಕರೆಸಿ, ಮರದ ಕೆಳಗೇ ಮಾತಾಡುತ್ತೇನೆ, ತಾಯಿ ನನ್ನ ಪಕ್ಕದಲ್ಲಿ ನಿಲ್ಲಲಿ, ಸೀರೆ ಸಾದಾ ಇರಲಿ ಎಂದು ಹೇಳಿದರು. ಸೋಮವಾರದಿಂದ ಗುರುವಾರದವರೆಗೆ ಬಾಳಿದ ಶಾಂತಿ ವಿದ್ಯಾರಣ್ಯಪುರಂನ ತಿರುವಿನಲ್ಲಿ ಹಾರ್ನ್ ಹೊಡೆದುಕೊಂಡು ಹೋಯಿತು.

ನಾವು ಮೂವರೂ ಮರದ ಕೆಳಗೆ ಉಳಿದೆವು. ಸಿಂಚನ ಬಾಳೆ ಎಲೆಯ ಗಂಟನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ಎಲ್ಲಿಡಬೇಕೆಂದು ಅವಳಿಗೆ ತೋಚುತ್ತಿರಲಿಲ್ಲ.

"ಅಮ್ಮ" ಅಂದೆ, "ನೀವೇ ಬಿಚ್ಚಿಬಿಡಿ. ಆ ಮಾತಿಗೆ ಏನೂ ಬೆಲೆ ಇಲ್ಲ. ಅದು ಅವರ ಮಾತೇ ಅಲ್ಲ. ನಾನು ಬರೆದುಕೊಟ್ಟಿದ್ದು. ಕಾರಿನಲ್ಲಿ ಕೂತು, ಹತ್ತು ನಿಮಿಷದಲ್ಲಿ. ನಿಮ್ಮ ಮಗನ ಹೆಸರೂ ನನಗೆ ಆಗ ಸರಿಯಾಗಿ ಗೊತ್ತಿರಲಿಲ್ಲ."

ಬೆಟ್ಟಮ್ಮ ನನ್ನ ಕಡೆ ತಿರುಗಿದಳು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

"ಇದನ್ನ ಯಾಕ್ ಏಳುದ್ರಿ ಮೇಷ್ಟ್ರೇ?" ಅಂದಳು. "ದೊಡ್ಡೋರ ಮಾತು ಅಂತ ನಮ್ಮೋರಿಗೆ ಇಲ್ಲ ಅಂದೆ. ಈಗ ಅದು ಯಾರ ಮಾತೂ ಅಲ್ಲ ಅಂತೀರಿ. ಅವ್ರು ಬದಲಾಯುಸ್ಕಬೋದು, ಸೋಮವಾರ ಒಂದು, ಗುರುವಾರ ಒಂದು. ಅವ್ರದ್ದೇನು ಹೋಗಿದ್ದು? ನಾನ್ ಈಗ ಬಿಚ್ಚುದ್ರೆ, ಅವತ್ತು ನಮ್ಮೋರು ಕೈ ಮುಗುದ್ರಲ್ಲ, ಅವತ್ತೇ ಯಾಕ್ ಬಿಚ್ಲಿಲ್ಲ? ನಾಳೆ ಮೇಲೆ ಹೋದಾಗ ಕೇಳ್ತಾರೆ. ಏನಂತ ಏಳ್ಲಿ?"

ಹದಿನಾರು ವರ್ಷ ಪಾಠ ಹೇಳಿ, ಎಂಟು ವರ್ಷ ಭಾಷಣ ಬರೆದವನ ಬಾಯಲ್ಲಿ ಒಂದು ಸಾಲಿಲ್ಲ.

ಆಗ ಸಿಂಚನ ಮಾತಾಡಿದಳು. "ಕಟ್ಟಿದೋರೇ ಬಿಚ್ಬೇಕು ಅಂತ ತಾನೇ ಅಮ್ಮ ಹೇಳೋದು? ಮಾತು ನಿಮ್ದು ಅಂದ್ರಲ್ಲ ಸಾರ್. ಹಾಗಾದ್ರೆ ನೀವೇ ಬಿಚ್ಚಿ." ಸ್ಟೂಲನ್ನು ನನ್ನ ಕಾಲ ಬಳಿಗೆ ತಳ್ಳಿದಳು.

ನಾನು ಬೆಟ್ಟಮ್ಮನ ಮುಖ ನೋಡಿದೆ. ಅವಳು ಬೇಡ ಅನ್ನಲಿಲ್ಲ. ಸೆರಗು ಹೊದ್ದು, ಎರಡು ಕೈಯನ್ನೂ ಮುಂದೆ ಚಾಚಿದಳು, ಗಡಿಗೆ ಇಳಿದರೆ ಹಿಡಿಯಲು.

ಹತ್ತಿದೆ. ನಿಂಗರಾಜು ಅಷ್ಟು ಹೊತ್ತು ಎಳೆದಿದ್ದರಿಂದ ಗಂಟು ಮುಕ್ಕಾಲು ಸಡಿಲವಾಗಿತ್ತು. ಮೇಲಿನ ಸುತ್ತು ನನ್ನ ಬೆರಳಿಗೆ ಸುಲಭವಾಗಿ ಬಂತು. ಇನ್ನೊಂದು ಸಲ ಎಳೆದರೆ ಮುಗಿಯುತ್ತಿತ್ತು. ಎಳೆಯಬೇಕು ಅನ್ನುವಷ್ಟರಲ್ಲಿ ನಾಲ್ಕು ಗಂಟೆ ನೆನಪಾಯಿತು. ಬರಿಯ ಕೊಂಬೆ, ಅದರ ಕೆಳಗೆ ನಿಂಗರಾಜು, ಸುತ್ತ ಕ್ಯಾಮೆರಾ. ಯಾರು ಬಿಚ್ಚಿದ್ದು ಎನ್ನುವುದೇ ಅವರು ಕೇಳುವ ಮೊದಲ ಪ್ರಶ್ನೆ. ನನ್ನ ಮಗಳು ಲಹರಿ ಅವರ ಒಂದು ಫೋನಿನಿಂದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ. ಮುಂದಿನ ತಿಂಗಳು ಆ ಕೆಲಸ ಕಾಯಂ ಆಗುವುದಿದೆ. ಅವಳಿಗೂ ಮೂವತ್ತಾಯಿತು. ಇಂಥ ಲೆಕ್ಕವೆಲ್ಲ ಹಾಕಲು ಎಷ್ಟು ಹೊತ್ತು ಬೇಕು ಎಂದು ಈಗ ಯೋಚಿಸುತ್ತೇನೆ. ಒಂದು ಉಸಿರು ಸಾಕು. ಮಾತು ಬದಲಾಯಿಸುವವರನ್ನು ಕಂಡು ಆಗಷ್ಟೇ ಒಳಗೊಳಗೇ ಹಲ್ಲು ಕಡಿದಿದ್ದವನು ನಾನೇ.

ಸಡಿಲವಾಗಿದ್ದ ಸುತ್ತನ್ನು ಎಳೆದು ಬಿಗಿದೆ. ಅದರ ಮೇಲೆ ಇನ್ನೊಂದು ಗಂಟು ಹಾಕಿದೆ, ಗಾಳಿಗೆ ಬಿಚ್ಚಿಕೊಳ್ಳದಿರಲಿ ಎಂದು. ಇಳಿದೆ. ಇಬ್ಬರ ಮುಖವನ್ನೂ ನೋಡಲಿಲ್ಲ.

ಬೆಟ್ಟಮ್ಮನ ಕೈ ಇನ್ನೂ ಚಾಚಿಯೇ ಇತ್ತು. ನಿಧಾನಕ್ಕೆ ಇಳಿಸಿ ಸೆರಗಿಗೆ ಒರೆಸಿಕೊಂಡಳು.

"ಇರ್ಲಿ ಬುಡಿ ಮೇಷ್ಟ್ರೇ" ಅಂದಳು. "ನಿಮ್ಗೂ ಒಬ್ಳು ಮಗಳವ್ಳೆ."

ಅದರಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ. ಅವಳು ಒಳಗೆ ಹೋದಳು. ಸಿಂಚನ ಎಲೆಯ ಗಂಟನ್ನು ಜಗಲಿಯ ಮೇಲಿಟ್ಟು ಸ್ಟೂಲು ಎತ್ತಿಕೊಂಡಳು. ಬೆಳಗ್ಗೆ ತಡೆದುಕೊಂಡಿದ್ದ ಆ ನಗುವಿನ ಗುರುತೂ ಅವಳ ಮುಖದಲ್ಲಿ ಇರಲಿಲ್ಲ.

"ನಾಲ್ಕು ಗಂಟೆಗೆ ಅಮ್ಮ ಯಾವ ಸೀರೆ ಉಡಬೇಕಂತೆ ಸಾರ್?" ಎಂದು ಕೇಳಿದಳು.

"ಹತ್ತೀದು" ಅಂದೆ. "ಬಣ್ಣ ಕಮ್ಮಿ ಇರೋದು."

ಅವಳು ತಲೆಯಾಡಿಸಿದಳು. ನಾನು ಟೀವಿಯವರಿಗೆ ಫೋನ್ ಮಾಡಲು ಬೀದಿಯ ಕೊನೆಯವರೆಗೆ ನಡೆದುಕೊಂಡು ಹೋದೆ.